ಬೀರೂರು ಸಂತೆಗೆ ಹೊರಟ ವೀರರು

ಹಿರೇನಲ್ಲೂರಿನ ಯಾವುದೋ ಜಗಲಿಯ ಮೇಲೆ, ರಜೆಗೆ ಬಂದ ಹುಡುಗ ಹುಡುಗಿಯರನ್ನು ಕೂರಿಸಿಕೊಂಡು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡಿಸಹೊರಟವನ ಪಾಡನ್ನು ಊಹಿಸಿಕೊಳ್ಳಿ. ನಿದ್ದೆಗೆಟ್ಟು ನೋಟ್‌ಬುಕ್ಕಿನಲ್ಲಿ ಒಂದು ಗುಹೆ, ಗುಹೆಗೊಬ್ಬ ರಾಕ್ಷಸ, ರಾಕ್ಷಸನಿಗೊಂದು ಶಾಪ, ಶಾಪಕ್ಕೊಂದು ಪೂರ್ವಕಥೆ ಬರೆದಿದ್ದಾನೆ. ಗುಹೆಯ ಬಾಯಿಗೆ ಬಂದ ಮೇಲೆ ಚಿಕ್ಕಮ್ಮನ ಮಗ ಕೇಳುತ್ತಾನೆ: ‘ಅಣ್ಣಾ, ಒಳಗೆ ಹೋಗ್ಲೇಬೇಕಾ? ನಾವು ಬೀರೂರು ಸಂತೆಗೆ ಹೋಗ್ತೀವಿ.’

ನೋಟ್‌ಬುಕ್ಕಿನಲ್ಲಿ ಸಂತೆ ಇಲ್ಲ.

ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ಈ ಆಟದಲ್ಲಿ ಆಡುವವರಿಗೆ ತಲೆಗೊಂದು ಪಾತ್ರ. ಮಿಕ್ಕ ಲೋಕವೆಲ್ಲ, ಮಳೆಯಿಂದ ಮುದುಕಿಯವರೆಗೆ, ಆಡಿಸುವವನ ತಲೆಗೆ. ಏಟು ತಗುಲಿತೋ ತಪ್ಪಿತೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ.

ಈ ಕಸುಬು ಕಲಿಯಲು ಅಮೆರಿಕಕ್ಕೆ ಹೋಗಬೇಕಿಲ್ಲ, ಘಟ್ಟ ಇಳಿದು ಒಂದು ತಾಳಮದ್ದಲೆ ಕೇಳಿದರೆ ಸಾಕು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಅರ್ಥಧಾರಿಗಳ ಕೈಯಲ್ಲಿ ಬರೆದ ಮಾತೂ ಇಲ್ಲ. ಭಾಗವತರು ಪದ ಹಾಡುತ್ತಾರೆ, ಮಾತು ಅಲ್ಲೇ ಹುಟ್ಟಬೇಕು. ಬಾಣ ತಗುಲಿ ಬಿದ್ದ ವಾಲಿ ರಾಮನನ್ನು ತರಾಟೆಗೆ ತೆಗೆದುಕೊಳ್ಳುವಾಗ, ವಾಲಿಯಾಗಿ ಶೇಣಿ ಗೋಪಾಲಕೃಷ್ಣ ಭಟ್ಟರಂಥವರು (1918–2006) ಕೂತಿದ್ದರೆ, ರಾಮನಿಗೆ ಬೆವರಿಳಿಯದೆ ಇದ್ದೀತೆ! ವಾಲಿ ಸಾಯುವುದು ಎಲ್ಲರಿಗೂ ಗೊತ್ತು, ಆದರೂ ಯಾರೂ ಏಳುವುದಿಲ್ಲ. ಭಾಗವತರು ನಡುವೆ ಬಾಯಿ ಹಾಕುವುದಿಲ್ಲ. ವಾದ ಗಾಣದೆತ್ತಿನಂತೆ ಸುತ್ತತೊಡಗಿದಾಗ ಮಾತ್ರ ಜಾಗಟೆ ಬಡಿದು ಮುಂದಿನ ಪದ ಎತ್ತಿಕೊಳ್ಳುತ್ತಾರೆ. ಎಂಥ ವಾಗ್ಮಿಯೂ ಅಲ್ಲಿಗೆ ನಿಲ್ಲಿಸಲೇಬೇಕು.

ಹೊಸದಾಗಿ ಆಡಿಸುವವನೂ ಮಾತು ಬರೆದಿಡುವುದನ್ನು ಬಿಟ್ಟು, ಮುಂದಿನ ಪದ ಯಾವುದೆಂದು ತಿಳಿದಿದ್ದರೆ ಪಾರಾದಾನು. ಸಂತೆಗೆ ಹೊರಟವರನ್ನು ಕಿವಿ ಹಿಂಡಿ ಗುಹೆಗೆ ಎಳೆತರುವುದೇಕೆ? ಗುಹೆಯ ಬೀಗದ ಕೈಯನ್ನು ಸಂತೆಯ ಕೊಬ್ಬರಿ ವ್ಯಾಪಾರಿಯ ಸೊಂಟಕ್ಕೆ ಸಿಕ್ಕಿಸಿದರಾಯಿತು.

ಒಂದು ವ್ಯತ್ಯಾಸವುಂಟು. ಪ್ರಸಂಗದ ವಾಲಿ ಬದುಕುವಂತಿಲ್ಲ, ಇಲ್ಲಿಯವನು ಬದುಕಿಯೂ ಬದುಕಬಹುದು. ಸಾಕಿ ಸಲಹಿದ ರಾಕ್ಷಸ ಮೊದಲ ಏಟಿಗೇ ಉರುಳಿದರೆ ಉರುಳಲಿ. ಗುಟ್ಟಾಗಿ ಅವನಿಗೆ ಆಯುಷ್ಯ ಕಟ್ಟುವವನು ಸಿಕ್ಕಿಬೀಳುತ್ತಾನೆ. ಚೌಕಾಬಾರದಲ್ಲಿ ಕವಡೆಯನ್ನು ಉಗುರಿನಲ್ಲಿ ಮಗುಚುವ ಅತ್ತೆಯನ್ನು ಐದು ವರ್ಷದ ಮಗುವೂ ಹಿಡಿಯುತ್ತದಲ್ಲ! ಹಾಗೆಂದು ಎಲ್ಲಕ್ಕೂ ದಾಳ ಬೇಡ. ಮೆಟ್ಟಿಲು ಹತ್ತಲೂ ದಾಳ ಹಾಕಿಸಿದರೆ ಮಹಾವೀರನೊಬ್ಬ ಗುಹೆಗೆ ಮೊದಲೇ ಕಾಲು ಮುರಿದುಕೊಳ್ಳುತ್ತಾನೆ.

ಇನ್ನು, ಎಲ್ಲರ ಪರವಾಗಿ ತಾನೇ ಮಾತಾಡುವವನೊಬ್ಬ ಇದ್ದೇ ಇರುತ್ತಾನೆ. ಅವನಿಗೆ ಜಾಗಟೆ ಬಡಿದು, ಮೂಲೆಯಲ್ಲಿ ಸುಮ್ಮನೆ ಕೂತವಳನ್ನು ಕೇಳಬೇಕು: ‘ನೀನೇನ್ ಮಾಡ್ತೀಯಮ್ಮ?’

‘ರಾಕ್ಷಸಂಗೆ ಊಟ ಆಯ್ತಾ ಅಂತ ಕೇಳ್ತೀನಿ.’

ಗಾಬರಿಯಾಗಬೇಕಿಲ್ಲ. 1974ರ ಪುಸ್ತಕದಲ್ಲೇ ಇದಕ್ಕೆ ದಾರಿಯಿದೆ: ಆರು ಮುಖದ ಎರಡು ದಾಳ ಉರುಳಿಸಿ. ಒಂಬತ್ತೋ ಅದಕ್ಕಿಂತ ಹೆಚ್ಚೋ ಬಿದ್ದರೆ ರಾಕ್ಷಸ ಒಲಿದಂತೆ.