ಒದೆಯದ ಕಾಲು

ತುಕ್ಕಾನಟ್ಟಿಯಲ್ಲಿ ಹುಟ್ಟಿದವನಿಗೆ ಒದೆಯುವುದನ್ನು ಬೇರೆ ಯಾರಾದರೂ ಕಲಿಸಬೇಕೆ? ಚಳಿಗಾಲದ ಮುಂಜಾನೆ ಚಾಲೂ ಆಗದ ಮೋಟರ್‌ಸೈಕಲ್ಲಿಗೆ ಒದ್ದು ಒದ್ದು ನಮ್ಮ ಬಲಗಾಲು ಪಳಗಿದೆ. ಎಮ್ಮೆಯ ಕೆಚ್ಚಲಿಗೆ ಕೈ ಹಾಕಿದವರಿಗಂತೂ ಒದೆಯ ರುಚಿ ತಿನ್ನುವ ಕಡೆಯಿಂದಲೂ ಗೊತ್ತು. ಹೊರಗಿನವರು ಈ ಊರಿನ ಹೆಸರು ಕೇಳಿದ್ದರೆ ಅದು ಬರ್ಡ್ಸ್ ಸಂಸ್ಥೆಯ ಕೃಷಿ ವಿಜ್ಞಾನ ಕೇಂದ್ರದಿಂದ. ಬೀಜ, ಗೊಬ್ಬರ, ಕೀಟ, ರೋಗ ಅಂತ ರೈತರಿಗೆ ಅಲ್ಲಿ ತರಬೇತಿ ಕೊಡುತ್ತಾರೆ. ಒದೆಯುವುದಕ್ಕೂ ತರಬೇತಿ ಬೇಕು ಎಂದು ಯಾರಾದರೂ ಗುಡಿಯ ಕಟ್ಟೆಯ ಮೇಲೆ ಕೂತು ಅಂದಿದ್ದರೆ, ಅಂದವನಿಗೇ ಮೊದಲ ಪಾಠ ಸಿಗುತ್ತಿತ್ತು.

ಕೊನೆಗೂ ಅಂದವನು ನಮ್ಮ ಅಣ್ಣನ ಮಗ. ಹೈಸ್ಕೂಲಿನ ಹುಡುಗ. ಊರಿನ ಉಳಿದ ಹುಡುಗರು ಟೆನ್ನಿಸ್ ಬಾಲಿನ ಕ್ರಿಕೆಟ್ಟು, ಕಬಡ್ಡಿ ಅಂತ ಮರ್ಯಾದೆಯಾಗಿ ಇದ್ದಾಗ ಇವನು ಫುಟ್‌ಬಾಲಿನ ಬೆನ್ನು ಹತ್ತಿದ. ಹತ್ತಿದ್ದು ಹೇಗೆಂದರೆ, 2023ರ ಮಾರ್ಚ್ 4ರಂದು ನಮ್ಮ ಕರ್ನಾಟಕ ತಂಡ ಸಂತೋಷ್ ಟ್ರೋಫಿಯ ಫೈನಲ್ಲಿನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿತಲ್ಲ, ಅದೂ ಸೌದಿಯ ರಿಯಾದ್‌ನಲ್ಲಿ, ಅದನ್ನು ಇವನು ನನ್ನ ಮೊಬೈಲಿನಲ್ಲಿ ನೋಡಿದ. ಮೈಸೂರು ಅನ್ನುವ ಹೆಸರಿದ್ದಾಗ, 1968–69ರಲ್ಲಿ ಗೆದ್ದ ಮೇಲೆ 54 ವರ್ಷ ಕಪ್ಪು ಈ ಕಡೆ ತಲೆ ಹಾಕಿರಲಿಲ್ಲ. ಮಧ್ಯಂತರಕ್ಕೆ ಮುಂಚೆ ರಾಬಿನ್ ಯಾದವ್ ದೂರದಿಂದ ಒದ್ದ ಫ್ರೀಕಿಕ್ಕೊಂದು ಗೋಲಾಯಿತು. ಅದೊಂದನ್ನೇ ನಮ್ಮ ಹುಡುಗ ಹಿಂದೆ ಮುಂದೆ ಸರಿಸಿ ಸರಿಸಿ ನೋಡಿ, ನನ್ನ ತಿಂಗಳ ಡೇಟಾ ಮುಗಿಸಿ, ಮೊಬೈಲು ವಾಪಸ್ಸು ಕೊಟ್ಟ.

ಮುಂದೊಂದು ಸಂಜೆ ಪಡಸಾಲೆಯಲ್ಲಿ ಎಲ್ಲರೂ ಕೂತಾಗ ದುಃಖ ತೋಡಿಕೊಂಡ. "ಕಾಕಾ, ನನ್ನ ಶಾಟಿನ್ಯಾಗ ದಮ್ಮ ಇಲ್ಲ."

ನಮ್ಮ ಮನೆಯಲ್ಲಿ ಯಾರಿಗೆ ಯಾವುದರಲ್ಲಿ ದಮ್ಮು ಕಡಿಮೆಯಾದರೂ ಅವ್ವನ ಹತ್ತಿರ ಔಷಧ ಒಂದೇ: ತುಪ್ಪ. ಅವತ್ತು ರಾತ್ರಿಯಿಂದಲೇ ಅವನ ರೊಟ್ಟಿ ತುಪ್ಪದಲ್ಲಿ ಮುಳುಗತೊಡಗಿತು. ಅಣ್ಣ ಗೋಕಾಕಿಗೆ ಹೋದವನು ಕರದಂಟಿನ ಪೊಟ್ಟಣ ತಂದ. ಅಂಟು, ಉತ್ತತ್ತಿ, ಗೋಡಂಬಿ, ಬೆಲ್ಲ ಎಲ್ಲ ಸೇರಿ ಬಾಣಂತಿಯನ್ನೇ ಎಬ್ಬಿಸಿ ಕೂರಿಸುವ ಪದಾರ್ಥ, ಒಂದು ಚೆಂಡನ್ನು ಎಬ್ಬಿಸಲಾರದೆ ಎಂಬುದು ಅವನ ಲೆಕ್ಕ. ಇವೆರಡಕ್ಕಿಂತ ದೊಡ್ಡ ಔಷಧ ತಂದವನು ನಮ್ಮ ಸೋದರಮಾವ. ಒಂದು ಕಾಲದಲ್ಲಿ ಕುಸ್ತಿ ಆಡಿದ ಮನುಷ್ಯ. ಈಗಲೂ ಊರಿಗೆಲ್ಲ ಪೈಲವಾನ. ಹುಡುಗನ ತೊಡೆಯನ್ನು ಎರಡೂ ಕೈಯಿಂದ ಹಿಡಿದು, ಸಂತೆಯಲ್ಲಿ ಹೋರಿ ನೋಡುವ ಶ್ರದ್ಧೆಯಿಂದ ಒತ್ತಿ ನೋಡಿ, ತೀರ್ಪು ಕೊಟ್ಟ.

"ತೊಡಿ ತುಂಬಿಲ್ಲಲೇ ಮಗನ. ತಾಕತ್ತ ಎಲ್ಲಿಂದ ಬರಬೇಕು? ಬೈಠಕ್ ಹೊಡಿ. ಚೆಂಡ ತಾನ ಹಾರತೈತಿ."

ಹುಡುಗ ಬೈಠಕ್ ಹೊಡೆದ. ಮೊದಲ ವಾರ ಅವನಿಗೆ ಮಾಳಿಗೆಯ ಮೆಟ್ಟಿಲು ಹತ್ತಲಾಗಲಿಲ್ಲ, ಎರಡನೇ ವಾರ ಹತ್ತಿದವನಿಗೆ ಇಳಿಯಲಾಗಲಿಲ್ಲ. ಚೆಂಡು ಮಾತ್ರ ಹಾರಿತು. ಮಾವ ಹೇಳಿದ್ದು ಅಕ್ಷರಶಃ ನಿಜವಾಯಿತು. ಚೆಂಡು ಹಾರುವುದೇ ತೊಂದರೆ ಅಂತ ಗೊತ್ತಾಗಿದ್ದು ಆಮೇಲೆ.

ಇಲ್ಲಿ ನಮ್ಮ ಮೈದಾನದ ಭೂಗೋಳ ಸ್ವಲ್ಪ ಹೇಳಬೇಕು. ಊರ ಹೊರಗೆ ಪಡ ಬಿದ್ದ ಒಂದು ಹೊಲ, ಮೂರು ಕಡೆ ಕಬ್ಬು. ಘಟಪ್ರಭೆಯ ನೀರು ಹರಿದ ಈ ಸೀಮೆಯಲ್ಲಿ ಕಬ್ಬಿಲ್ಲದ ದಿಕ್ಕು ಹುಡುಕುವುದು ಕಷ್ಟ. ನಿಯಮದ ಪುಸ್ತಕದಲ್ಲಿ ಗೋಲಿನ ಅಗಲ 7.32 ಮೀಟರ್, ಎತ್ತರ 2.44 ಮೀಟರ್. ನಮ್ಮ ಹೊಲದಲ್ಲಿ ಅಗಲಕ್ಕೆ ಎರಡು ಚಪ್ಪಲಿ, ಎತ್ತರಕ್ಕೆ ಜಗಳ. ಮೇಲೆ ಅಡ್ಡಪಟ್ಟಿ ಇಲ್ಲದ ಗೋಲಿನ ಮುಂದೆ ಬೆಳೆದ ಹುಡುಗರಿಗೆ ಮುಗಿಲಿಗೆ ಹೋದ ಚೆಂಡು ಸೋಲು ಅಂತ ಅನಿಸುವುದೇ ಇಲ್ಲ, ಪರಾಕ್ರಮ ಅನಿಸುತ್ತದೆ. "ಏನ್ ಒದ್ದೆಲೇ!" ಅಂತ ಗೆಳೆಯರು ಬೆನ್ನು ತಟ್ಟುತ್ತಾರೆ. ಬೆನ್ನು ತಟ್ಟಿದ ಮೇಲೆ ಎಲ್ಲರೂ ನೆರಳಿಗೆ ಹೋಗಿ ಕೂರುತ್ತಾರೆ, ಯಾಕೆಂದರೆ ಒದ್ದವನೇ ಕಬ್ಬಿನೊಳಗೆ ಹೋಗಿ ಚೆಂಡು ತರಬೇಕು ಎಂಬುದು ಆಟದ ಕಟ್ಟಳೆ.

ಆಗಸ್ಟಿನಲ್ಲಿ ಕಬ್ಬು ಆಳೆತ್ತರ ಮೀರಿರುತ್ತದೆ. ರವದಿಯ ಅಂಚು ಮೊಣಕೈ, ಕೊರಳು, ಕಿವಿಯ ಹಿಂದೆ ಗೀರುತ್ತದೆ. ಬೆವರು ಬಿದ್ದ ಮೇಲೆ ಗೀರು ಉರಿಯುತ್ತದೆ. ಒಳಗೆ ಹಂದಿ ಇದೆಯೋ ಹಾವಿದೆಯೋ ಎಂಬ ವಿಚಾರ ಬೇರೆ. ಇಷ್ಟೆಲ್ಲ ದಾಟಿ ಹೋದರೂ ಚೆಂಡು ಸಿಗುತ್ತದೆಂಬ ಖಾತ್ರಿಯಿಲ್ಲ. ಹಂಗಾಮು ಶುರುವಾಗಿ ಕಬ್ಬು ಕಡಿಯುವ ಗ್ಯಾಂಗು ಬಂದಾಗ ಕಬ್ಬಿನ ಜೊತೆ ಮಳೆಗಾಲದ ಚೆಂಡುಗಳೂ ಹೊರಬೀಳುತ್ತವೆ. ಅಷ್ಟು ಹೊತ್ತಿಗೆ ಅವುಗಳ ಚರ್ಮ ಸುಲಿದು, ಒಳಗೆ ಇಲಿ ಸಂಸಾರ ಹೂಡಿರುತ್ತದೆ. ಹುಡುಗನ ಕೈಕಾಲ ಮೇಲಿನ ಗೀರು ನೋಡಿ ನಮ್ಮವ್ವ ಇನ್ನೊಂದು ಚಮಚ ತುಪ್ಪ ಸುರಿದಳು.

ಆಗ ನಾನು ಮಧ್ಯೆ ಬಾಯಿ ಹಾಕಿದೆ. ನನಗೆ ಆಡಲು ಬರುವುದಿಲ್ಲ. ಆದರೆ ಆಡಲು ಬಾರದವರಿಗೆ ನೋಡಲು ಪುರುಸೊತ್ತು ಇರುತ್ತದೆ. ಮೊಬೈಲಿನಲ್ಲಿ ಅವನು ಒದೆಯುವುದನ್ನು ಸ್ಲೋ ಮೋಷನ್ನಿನಲ್ಲಿ ಹಿಡಿದೆ. ಪಡಸಾಲೆಯಲ್ಲಿ ಎಲ್ಲರೂ ಬಗ್ಗಿ ನೋಡಿದೆವು. ಎಲ್ಲರ ಕಣ್ಣೂ ಬಲಗಾಲಿನ ಮೇಲೆ. ಬಲಗಾಲಿನಲ್ಲಿ ತಪ್ಪೇನೂ ಕಾಣಲಿಲ್ಲ. ತುಪ್ಪ, ಕರದಂಟು, ಬೈಠಕ್ ಎಲ್ಲ ಅದರಲ್ಲಿತ್ತು. ಕೇಡು ಇದ್ದದ್ದು ಎಡಗಾಲಿನಲ್ಲಿ. ಚೆಂಡಿನಿಂದ ಒಂದು ಮೊಳ ಹಿಂದೆಯೇ ಅದು ಊರಿತ್ತು, ಹೆಬ್ಬೆರಳು ಗೋಲಿನ ಕಡೆ ನೋಡುವ ಬದಲು ಪಕ್ಕದ ಹೊಲದ ಬಾವಿಯ ಕಡೆ ನೋಡುತ್ತಿತ್ತು. ಚೆಂಡು ದೂರ ಉಳಿಯಿತಲ್ಲ, ಅದನ್ನು ಮುಟ್ಟಲು ಹುಡುಗ ಮೈಯನ್ನೆಲ್ಲ ಹಿಂದಕ್ಕೆ ವಾಲಿಸಿ ಕಾಲು ಚಾಚಿದ್ದ. ಮೈ ಹಿಂದೆ ವಾಲಿದರೆ ಪಾದ ಚೆಂಡಿನ ಬುಡಕ್ಕೆ ತಗಲುತ್ತದೆ, ಬುಡಕ್ಕೆ ತಗಲಿದ ಚೆಂಡು ಕಬ್ಬಿನ ಪಾಲು.

ಫುಟ್‌ಬಾಲ್ ಕಲಿಸುವವರು ಹೇಳುವುದು ಇದನ್ನೇ. ಓಡಿ ಬರುವುದು ನೇರವಾಗಿ ಅಲ್ಲ, ತುಸು ಓರೆಯಾಗಿ; ಹಾಗೆ ಬಂದರೆ ಸೊಂಟ ತಿರುಗಲು ಜಾಗ ಸಿಗುತ್ತದೆ. ಒದೆಯದ ಕಾಲು ಚೆಂಡಿನ ಮಗ್ಗುಲಲ್ಲಿ, ಹೆಚ್ಚುಕಡಿಮೆ ಒಂದು ಗೇಣು ಬಿಟ್ಟು, ಬೆರಳು ಗುರಿಯತ್ತ ಇಟ್ಟು ಊರಬೇಕು. ಮೊಣಕಾಲು ಚೂರು ಬಗ್ಗಿರಬೇಕು. ಒದೆಯುವ ಕಾಲಿನ ಬೆರಳು ನೆಲ ನೋಡಬೇಕು, ಹರಡು ಬಿಗಿಯಾಗಿರಬೇಕು. ಚೆಂಡಿಗೆ ತಗಲುವುದು ಬೂಟಿನ ಲೇಸ್ ಕಟ್ಟುವ ಜಾಗ, ಪಾದದ ಮೇಲಿನ ಗಟ್ಟಿ ಎಲುಬು. ಮೊಣಕಾಲು ಚೆಂಡಿನ ಮೇಲೆ ಬಂದಿದ್ದರೆ ಚೆಂಡು ನೆಲ ಹಿಡಿದು ಹೋಗುತ್ತದೆ. ಕಾಲಿಗೂ ಚೆಂಡಿಗೂ ಸಂಬಂಧ ಇರುವುದು ಸೆಕೆಂಡಿನ ನೂರರಲ್ಲಿ ಒಂದು ಪಾಲಿನಷ್ಟು ಹೊತ್ತು. ಅಷ್ಟರಲ್ಲಿ ಹರಡು ಸಡಿಲವಿದ್ದರೆ ತೊಡೆಯಿಂದ ಹೊರಟ ಬಲ ಅಲ್ಲೇ ಸೋರಿಹೋಗುತ್ತದೆ.

ಇದನ್ನೆಲ್ಲ ನಾನು ವಿವರಿಸಿದಾಗ ಪೈಲವಾನ ಮಾವ ಮೂಗು ಮುರಿದ. ಎಡಗಾಲು ಊರಿದ್ದಕ್ಕೂ ಬಲಗಾಲಿನ ಜೋರಿಗೂ ಏನು ಸಂಬಂಧ ಅಂತ ಅವನ ತಕರಾರು. ಹೊರಗೆ ಗೂಟಕ್ಕೆ ಬಾರಕೋಲು ತೂಗುಹಾಕಿತ್ತು. ಬಾರಕೋಲು ಬೀಸುವಾಗ ಹಿಡಿದ ಕೈ ಗಕ್ಕನೆ ನಿಂತರೆ ತಾನೆ ತುದಿಯ ಬಾರು ಚಟಾರ್ ಅನ್ನುವುದು, ಕೈಯೂ ಜೊತೆಗೇ ಓಡಿದರೆ ಸದ್ದೆಲ್ಲಿ ಬರುತ್ತದೆ, ಇಲ್ಲಿಯೂ ಅಷ್ಟೆ ಅಂದೆ. ಎಡಗಾಲು ನೆಲ ಕಚ್ಚಿ ನಿಲ್ಲುತ್ತದೆ. ಆ ನಿಲುವಿನಿಂದ ಸೊಂಟ ತಿರುಗುತ್ತದೆ, ಸೊಂಟದಿಂದ ತೊಡೆ, ತೊಡೆ ನಿಧಾನಿಸಿದ ಗಳಿಗೆಗೆ ಮೊಣಕಾಲಿನಿಂದ ಕೆಳಗಿನದು ಚಿಮ್ಮುತ್ತದೆ. ಮಾವ ಸ್ವಲ್ಪ ಹೊತ್ತು ಬಾರಕೋಲನ್ನೇ ನೋಡಿದ. ಆಮೇಲೆ ಎದ್ದು ನಿಂತು, ಧೋತರದ ಚುಂಗು ಸಿಕ್ಕಿಸಿ, ಇಲ್ಲದ ಎದುರಾಳಿಯನ್ನು ತಬ್ಬಿ ಅರ್ಧ ಸುತ್ತು ತಿರುಗಿದ.

"ಹೌದಲ್ಲೋ! ಢಾಕ ಹೊಡಿಯೂವಾಗೂ ಊರಿದ ಕಾಲ ಜರುಗಿತಂದ್ರ ನಾವ ಬೀಳತೇವಿ. ಇದನ್ನ ನಾ ಮೊದಲ ಹೇಳಿದ್ದೆ."

ಹೇಳಿರಲಿಲ್ಲ. ಆದರೆ ಅವತ್ತಿನಿಂದ ಫುಟ್‌ಬಾಲು ಕುಸ್ತಿಯ ಒಂದು ಶಾಖೆಯಾಯಿತು, ಮಾವ ಅದರ ಮುಖ್ಯಸ್ಥನಾದ. ಅವನ ಬೆಂಬಲಕ್ಕೆ ಕೊಲ್ಹಾಪುರವೂ ಬಂತು. ಗೋಕಾಕ, ಹುಕ್ಕೇರಿ ಕಡೆಯ ಪೈಲವಾನರಿಗೆ ಕೊಲ್ಹಾಪುರ ಅಂದರೆ ಮಹಾಲಕ್ಷ್ಮಿಯ ಗುಡಿ ಮತ್ತು ಕುಸ್ತಿಯ ಕಣ. ಆದರೆ ಅದೇ ಊರು ಫುಟ್‌ಬಾಲಿಗೂ ಪ್ರಾಣ ಬಿಡುತ್ತದೆ. ಅಲ್ಲಿನ ತಂಡಗಳ ಹೆಸರೇ ನೋಡಿ: ಪಾಟಾಕಡೀಲ ತಾಲೀಮ್, ಖಂಡೋಬಾ ತಾಲೀಮ್, ಬಾಲಗೋಪಾಲ ತಾಲೀಮ್, ದಿಲ್‌ಬಹಾರ್ ತಾಲೀಮ್. ತಾಲೀಮೆಂದರೆ ಗರಡಿಮನೆ. ಮಣ್ಣಿನಲ್ಲಿ ಹೊರಳಿದ ಓಣಿಗಳೇ ರಾಜರ್ಷಿ ಶಾಹು ಮೈದಾನದಲ್ಲಿ ಚೆಂಡಿನ ಬೆನ್ನು ಹತ್ತುತ್ತವೆ, ನೋಡಲು ಊರಿಗೆ ಊರೇ ಬರುತ್ತದೆ. 2017ರಲ್ಲಿ ಹದಿನೇಳರ ಕೆಳಗಿನವರ ವಿಶ್ವಕಪ್ಪು ನಮ್ಮ ದೇಶದಲ್ಲೇ ನಡೆದಾಗ ಭಾರತದ ಪರ ಆಡಿದ ಅನಿಕೇತ್ ಜಾಧವ್ ಆ ಊರಿನ ಕಡೆಯವನೇ. ಇದನ್ನು ಕೇಳಿದ ಮೇಲೆ ಮಾವನಿಗೆ, ಫುಟ್‌ಬಾಲನ್ನು ಕಂಡುಹಿಡಿದದ್ದು ಇಂಗ್ಲಿಷರಲ್ಲ, ಶಾಹು ಮಹಾರಾಜರು ಎಂಬ ಅನುಮಾನ ಬಂದು ಗಟ್ಟಿಯಾಗುತ್ತ ಹೋಯಿತು. ನಾನು ತಿದ್ದಲು ಹೋಗಲಿಲ್ಲ.

ಬೂಟಿನ ಪ್ರಕರಣ ಇಷ್ಟರಲ್ಲಿ ಬಂತು. ಬೆಳಗಾವಿಯಿಂದ ಸ್ಟಡ್ಡಿನ ಬೂಟು ತಂದದ್ದಾಯಿತು. ಮಳೆ ಬಿದ್ದ ಎರೆಹೊಲದಲ್ಲಿ ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಸ್ಟಡ್ಡಿನ ನಡುವೆ ಮಣ್ಣು ಮೆತ್ತಿ, ಹುಡುಗ ಅರ್ಧ ಎಕರೆ ಹೊತ್ತು ನಿಂತ. "ಛಲೋನ ಆತು, ಕಾಲ ವಜ್ಜ ಆದಷ್ಟ ಏಟ ಜೋರ" ಎಂದ ಮಾವ. ಭೌತಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಚೆಂಡಿನ ತೂಕ 410ರಿಂದ 450 ಗ್ರಾಂ. ಅದರ ಮುಂದೆ ನಮ್ಮ ಕಾಲು ಆಗಲೇ ಸಾಕಷ್ಟು ಭಾರ. ಇನ್ನೂ ಭಾರ ಮಾಡಿದರೆ ಸಿಗುವ ಲಾಭ ಅಷ್ಟಕ್ಕಷ್ಟೆ, ಕಾಲು ಬರುವ ವೇಗ ತಗ್ಗಿದರೆ ಆಗುವ ನಷ್ಟ ದೊಡ್ಡದು. ಬೂಟು ಹಾಕಿದ ಕೂಡಲೇ ಹುಡುಗರಿಗೆ ಇನ್ನೊಂದು ದುರ್ಬುದ್ಧಿಯೂ ಬರುತ್ತದೆ: ತುದಿಬೆರಳಿನಿಂದ ಗುದ್ದುವುದು. ಬರಿಗಾಲಿನಲ್ಲಿ ಹಾಗೆ ಒದ್ದರೆ ಉಗುರೇ ಪಾಠ ಹೇಳುತ್ತದೆ.

1948ರ ಲಂಡನ್ ಒಲಿಂಪಿಕ್ಸಿನಲ್ಲಿ ನಮ್ಮವರು ಬಹುಪಾಲು ಬರಿಗಾಲಿನಲ್ಲೇ ಫ್ರಾನ್ಸಿನ ಎದುರು ಆಡಿದರು. ಭಾರತದ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ನಮ್ಮ ದೇಶದ ಮೊದಲ ಗೋಲು ಅದು. ಆದರೂ 1–2ರಿಂದ ಸೋತೆವು, ಸಿಕ್ಕಿದ ಎರಡೂ ಪೆನಾಲ್ಟಿಗಳು ವ್ಯರ್ಥವಾಗಿದ್ದವು. ಪೆನಾಲ್ಟಿ ಅಂದರೆ ಹನ್ನೊಂದು ಮೀಟರ್ ದೂರ, ಮುಂದೆ ಒಬ್ಬನೇ ಒಬ್ಬ ಗೋಲಿ. ಬೂಟು ಹಾಕಿದವರೂ ಅಲ್ಲಿ ಎಡವಿದ್ದಾರೆ. 1994ರ ವಿಶ್ವಕಪ್ ಫೈನಲ್ಲಿನಲ್ಲಿ ಇಟಲಿಯ ರಾಬರ್ಟೊ ಬಾಜಿಯೊ ಕೊನೆಯ ಪೆನಾಲ್ಟಿಯನ್ನು ಅಡ್ಡಪಟ್ಟಿಯ ಮೇಲಿಂದ ಕಳಿಸಿದ, ಬ್ರೆಜಿಲ್ ಗೆದ್ದಿತು. ಆ ದೃಶ್ಯವನ್ನು ಹುಡುಗ ತೋರಿಸಿದಾಗ ಮಾವನಿಗೆ ಹೊಟ್ಟೆ ಚುರ್ ಅಂದಿತು.

"ಪಾಪ, ಕಬ್ಬಿನ್ಯಾಗ ಹೋತಲ್ಲೋ ಅಂವಂದು" ಎಂದ. ಅಮೆರಿಕದ ಕ್ರೀಡಾಂಗಣದ ಹಿಂದೆ ಕಬ್ಬಿರುವುದಿಲ್ಲ ಅಂದರೆ, "ಹಂಗಾರ ಹುಡುಕೂದಕ್ಕ ಸಸಾರ ಆಗಿರಬೇಕು" ಅಂತ ಸಮಾಧಾನ ಮಾಡಿಕೊಂಡ.

ಹವಾದ ವಿಷಯವನ್ನೂ ಬಿಡುವಂತಿಲ್ಲ. ಚೆಂಡಿನೊಳಗಿನ ಒತ್ತಡ 0.6ರಿಂದ 1.1 ವಾತಾವರಣದಷ್ಟಿರಬೇಕು ಅಂತ ನಿಯಮ. ನಮ್ಮೂರ ಪಂಕ್ಚರ್ ಅಂಗಡಿಯಲ್ಲಿ ಇರುವ ಅಳತೆ ಎರಡೇ: ಸೈಕಲ್ಲು, ಟ್ರ್ಯಾಕ್ಟರು. ಚೆಂಡು ನೋಡಿದ ಅಂಗಡಿಯ ಹುಡುಗ ಗುಂಡಗಿರುವುದೆಲ್ಲ ಟ್ರ್ಯಾಕ್ಟರಿನ ಜಾತಿ ಅಂದುಕೊಂಡು ಕಂಪ್ರೆಸರ್ ಹಚ್ಚಿದ. ಆಮೇಲೆ ಅದನ್ನು ಒದ್ದವರೆಲ್ಲ ಕುಂಟುತ್ತ ಮನೆಗೆ ಹೋದರು.

ನೇರ ಒದೆಯುವುದು ಒಂದು ಹದಕ್ಕೆ ಬಂದಿತೋ ಇಲ್ಲವೋ, ಹುಡುಗನಿಗೆ ತಿರುವಿನ ಹುಚ್ಚು ಹಿಡಿಯಿತು. ಕಾರಣ ಬ್ರೆಜಿಲ್ಲಿನ ರಾಬರ್ಟೊ ಕಾರ್ಲೋಸ್. 1997ರ ಜೂನ್ 3ರಂದು ಲಿಯೋನ್‌ನಲ್ಲಿ ಫ್ರಾನ್ಸಿನ ವಿರುದ್ಧ ಅವನು ಸುಮಾರು 35 ಮೀಟರ್ ದೂರದಿಂದ ಎಡಗಾಲಿನ ಹೊರಮಗ್ಗುಲಿನಿಂದ ಒದ್ದ ಚೆಂಡು ಎಲ್ಲಿಗೋ ಹೋಗುವಂತೆ ಹೊರಟು, ಆಮೇಲೆ ಬುದ್ಧಿ ಬದಲಿಸಿ ಒಳಗೆ ತಿರುಗಿ ಗೋಲು ಸೇರಿತು. ಗೋಲಿ ಬಾರ್ತೇಜ್ ನಿಂತಲ್ಲೇ ನಿಂತಿದ್ದ. ತಿರುಗುವ ಚೆಂಡಿನ ಒಂದು ಪಕ್ಕದ ಗಾಳಿಗೂ ಇನ್ನೊಂದು ಪಕ್ಕದ ಗಾಳಿಗೂ ವ್ಯತ್ಯಾಸ ಬಿದ್ದು ಚೆಂಡು ಒಂದು ಕಡೆಗೆ ಎಳೆಯುತ್ತದೆ. ವೇಗ ತಗ್ಗಿದಷ್ಟೂ ತಿರುವು ಹೆಚ್ಚುತ್ತದೆ ಎಂದು 2010ರಲ್ಲಿ ಫ್ರಾನ್ಸಿನ ಭೌತವಿಜ್ಞಾನಿಗಳು ಈ ಗೋಲಿನ ಮರ್ಮ ಬಿಡಿಸಿದರು. ಗೋಲು ತಿಂದವರೇ ಕೂತು ಲೆಕ್ಕ ಹಾಕುವುದು ಎಲ್ಲ ಕಡೆಯ ರೂಢಿ. ನಮ್ಮ ಹುಡುಗ ಹಿತ್ತಲಿನ ಮೇವಿನ ಬಣವೆಯನ್ನು ಫ್ರಾನ್ಸಿನ ಆಟಗಾರರ ಗೋಡೆ ಮಾಡಿಕೊಂಡು, ಚೆಂಡು ಅದನ್ನು ಬಳಸಿ ಬಾವಿಕಟ್ಟೆಗೆ ತಗಲಬೇಕು ಅಂತ ಒದ್ದ. ಚೆಂಡು ಎಳ್ಳಷ್ಟೂ ತಿರುಗದೆ, ಹೊರಸಿನ ಮೇಲೆ ವೈನಿ ಒಣಹಾಕಿದ್ದ ಶಾವಿಗೆಯ ನಟ್ಟನಡುವೆ ಕೂತಿತು. ಇಷ್ಟು ಗುರಿಯಿಟ್ಟು ಅವನು ಯಾವತ್ತೂ ಒದ್ದಿರಲಿಲ್ಲ. ಒಂದು ವಾರ ಅವನ ತುಪ್ಪ ಬಂದಾಯಿತು.

ತಾಲೂಕು ಮಟ್ಟದ ಪಂದ್ಯ ಮೂಡಲಗಿಯಲ್ಲಿ. ಟೆಂಪೋದಲ್ಲಿ ಹುಡುಗರ ಜೊತೆ ಮಾವನೂ ಪಟಗಾ ಸುತ್ತಿ ಹತ್ತಿದ. ಆಟ ಶುರುವಾದದ್ದೇ ತಡ, ಗೆರೆಯ ಪಕ್ಕದಲ್ಲಿ ನಿಂತು ಒಂದೇ ಮಂತ್ರ: "ಎಡಗಾಲಲೇ! ಎಡಗಾಲ ನೋಡ! ಎಡಗಾಲ!" ಆ ಕಡೆಯ ಗೋಲಿ ಇದನ್ನು ಕೇಳಿ ಕೇಳಿ, ಈ ಹುಡುಗ ಎಡಚ ಅಂತ ಲೆಕ್ಕ ಹಾಕಿದನೇನೋ. ನಮ್ಮವನು ಚೆಂಡು ತಂದು ಎಡಗಾಲು ಊರಿದ ಕೂಡಲೇ ಗೋಲಿ ಒಂದು ಕಡೆ ಜಿಗಿದ. ಬಲಗಾಲಿನಿಂದ ಹೊರಟ ಚೆಂಡು ಹುಲ್ಲು ಸವರಿಕೊಂಡು ಇನ್ನೊಂದು ಮೂಲೆಗೆ ಹೋಯಿತು. ಎದುರು ತಂಡದ ಮಾಸ್ತರರು ರೆಫ್ರಿಯ ಹತ್ತಿರ ದೂರು ಒಯ್ದರು. ರೆಫ್ರಿ ಮಾವನ ಹತ್ತಿರ ಬಂದು, "ಅಜ್ಜಾರ, ಹೊರಗಿಂದ ಹೇಳಿಕೊಡಬ್ಯಾಡ್ರಿ" ಎಂದ. "ನಾ ಎಲ್ಲಿ ಹೇಳಿಕೊಟ್ಟೇನ್ರಿ? ಎಡಗಾಲಿಲೆ ಒದಿ ಅಂದ್ನೇನ? ನೋಡ ಅಂದೆ" ಎಂದು ಮಾವ ಕಾನೂನು ಹೇಳಿದ.

ಪಂದ್ಯ ನಾವು 1–3ರಿಂದ ಸೋತೆವು. ಟೆಂಪೋದವನು ಹಾರ್ನ್ ಹೊಡೆದ, ಹುಡುಗರೆಲ್ಲ ಹತ್ತಿದರು, ಮಾವ ಮಾತ್ರ ಇಲ್ಲ. ಹುಡುಕಿದರೆ ಮೈದಾನದ ನಡುವೆ ಗೆದ್ದ ತಂಡವನ್ನು ಸುತ್ತ ನಿಲ್ಲಿಸಿಕೊಂಡು, ಧೋತರ ಮೊಣಕಾಲಿಗೆ ಏರಿಸಿ, ಅವರ ಗೋಲಿಗೆ ಕಾಲು ಎಲ್ಲಿ ಊರಬೇಕೆಂದು ತೋರಿಸುತ್ತಿದ್ದ.

"ಅಜ್ಜಾ, ಅವರು ನಮ್ಮನ್ನ ಸೋಲಿಸ್ಯಾರ, ಬಾ!" ಎಂದು ನಮ್ಮ ಹುಡುಗ ಕೂಗಿದ.

"ಸೋಲಿಸಿದ್ದ ಖರೆ" ಎಂದ ಮಾವ, ತಿರುಗಿ ನೋಡದೆ. "ಆದರ ಹರಡ ಸಡ್ಲ ಐತಿ. ಐದ ನಿಮಿಷ ತಡಿಯಾಕ ಹೇಳ ಟೆಂಪೋದವಗ."