ಟವರಿಲ್ಲದ ಕಂಪನಿಯ ಅಗ್ಗದ ಯೋಜನೆಗಳು: ಶೆಟ್ಟಿಹಳ್ಳಿಯನ್ನು ನಿಮಿತ್ತವಾಗಿಟ್ಟುಕೊಂಡ ಒಂದು ಮೀಮಾಂಸೆ

ಶೆಟ್ಟಿಹಳ್ಳಿ ಎಂಬ ಹೆಸರಿನ ಊರುಗಳು ಕನ್ನಡ ನಾಡಿನಲ್ಲಿ ಹಲವಿರುವುದರಿಂದ, ಪ್ರಸ್ತುತ ಮೀಮಾಂಸೆಗೆ ವಿಷಯವಾದುದು ಹಾಸನ ಜಿಲ್ಲೆಯದೆಂದೂ, ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ, ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಏಳುವ ರೋಜರಿ ಚರ್ಚಿನಿಂದ ಖ್ಯಾತವಾದುದೆಂದೂ ಮೊದಲಿಗೇ ನಿರ್ಣಯಿಸಿಕೊಳ್ಳುವುದು ಕ್ಷೇಮ. ಚಾವಣಿಯಿಲ್ಲದೆಯೂ ಚರ್ಚು ಎನಿಸಿಕೊಂಡಿರುವ ಕಟ್ಟಡವುಳ್ಳ ಊರಿನಲ್ಲಿ, ಟವರಿಲ್ಲದೆಯೂ ಮೊಬೈಲ್ ಕಂಪನಿ ಎನಿಸಿಕೊಳ್ಳುವ ಸಂಸ್ಥೆಯ ವಿಚಾರವನ್ನೆತ್ತುವುದು ಅನುಚಿತವೆಂದು ಯಾರೂ ಆಕ್ಷೇಪಿಸಲಾರರು.

ವರ್ಚುವಲ್ ನೆಟ್‌ವರ್ಕ್ ಆಪರೇಟರ್ ಎಂದರೆ ತನ್ನದೇ ಆದ ತರಂಗಾಂತರವಾಗಲಿ ಟವರಾಗಲಿ ಇಲ್ಲದೆ, ಅವುಗಳನ್ನುಳ್ಳ ದೊಡ್ಡ ಕಂಪನಿಯಿಂದ ನಿಮಿಷಗಳನ್ನೂ ಡೇಟಾವನ್ನೂ ಸಗಟಾಗಿ ಕೊಂಡು, ಸ್ವಂತ ಹೆಸರಿನ ಸಿಮ್ಮಿಗೆ ತುಂಬಿ ಚಿಲ್ಲರೆಯಾಗಿ ಮಾರುವವನು. ಹೊಲ ಒಬ್ಬನದು, ಉಳುಮೆ ಇನ್ನೊಬ್ಬನದು ಎಂಬ ಗೇಣಿ ಪದ್ಧತಿಯನ್ನು ಕಂಡವರಿಗೆ ಇದು ಹೊಸತಲ್ಲ. ಆದರೆ ದೇವರಾಜ ಅರಸರ 1974ರ ಭೂಸುಧಾರಣೆಯ ಬಳಿಕ ಗೇಣಿದಾರನು ಫಾರಂ ನಂಬರ್ 7 ತುಂಬಿ ಭೂಮಿಯ ಒಡೆತನ ಕೇಳಬಹುದಾಗಿದ್ದರೆ, ಟವರಿನ ಗೇಣಿದಾರನಿಗೆ ಅಂಥ ಫಾರಮ್ಮನ್ನು ಯಾವ ಸರಕಾರವೂ ಇದುವರೆಗೆ ಅಚ್ಚು ಹಾಕಿಸಿಲ್ಲ. ಬ್ರಿಟನ್ನಿನಲ್ಲಿ 1999ರಲ್ಲಿ ವರ್ಜಿನ್ ಮೊಬೈಲ್ ಈ ಬಗೆಯ ವ್ಯಾಪಾರವನ್ನಾರಂಭಿಸಿತು. ಕೆಲವೇ ವರ್ಷಗಳಲ್ಲಿ ಅಲ್ಲಿನ ದಿನಸಿ ವರ್ತಕರಾದ ಟೆಸ್ಕೋದವರೂ ಬೇಳೆಯ ಪಕ್ಕದಲ್ಲಿ ಸಿಮ್ಮನ್ನಿಟ್ಟರು.

ಭಾರತದಲ್ಲಿ ಈ ಶಾಸ್ತ್ರದ ಇತಿಹಾಸ ಚಿಕ್ಕದು. 2008ರಲ್ಲಿ ಅದೇ ವರ್ಜಿನ್ ಟಾಟಾದ ಜಾಲವನ್ನೇರಿ ಬಂದಿತಾದರೂ, ಅಂದಿನ ಕಾನೂನಿನಲ್ಲಿ ಗೇಣಿಗೆ ಅವಕಾಶವಿಲ್ಲದ ಕಾರಣ ಬರಿಯ ಹೆಸರನ್ನು ಎರವಲು ಕೊಟ್ಟಂತೆ ವ್ಯವಸ್ಥೆ ಮಾಡಿಕೊಂಡಿತು. ಬಂದ ಕರೆಯನ್ನೆತ್ತಿ ಮಾತನಾಡಿದರೆ ನಿಮಿಷಕ್ಕೆ 10 ಪೈಸೆಯನ್ನು ಗ್ರಾಹಕನಿಗೇ ಕೊಡುತ್ತೇನೆಂದು ಘೋಷಿಸಿದ್ದು ಅದರ ಹೆಗ್ಗಳಿಕೆ. 2016ರಲ್ಲಿ ದೂರಸಂಪರ್ಕ ಇಲಾಖೆಯು ಇಂಥ ಕಂಪನಿಗಳಿಗೆ ಪ್ರತ್ಯೇಕ ಪರವಾನಗಿಯ ನಿಯಮಗಳನ್ನು ಹೊರಡಿಸಿತು. 2018ರಲ್ಲಿ ತಮಿಳುನಾಡಿನಲ್ಲಿ ಏರೋವಾಯ್ಸ್ ಎಂಬ ಸಿಮ್ಮು ಬಿಎಸ್‌ಎನ್‌ಎಲ್ ಜಾಲದ ಮೇಲೆ ಉದಯಿಸಿತು. ಅದರ ಬೆಳಕು ಹೇಮಾವತಿಯವರೆಗೆ ಹರಿಯಲಿಲ್ಲ. ಜಿಯೋ, ಏರ್‌ಟೆಲ್, ವಿ ಮತ್ತು ಬಿಎಸ್‌ಎನ್‌ಎಲ್ ಎಂಬ ನಾಲ್ವರು ಒಡೆಯರೇ ಚಿಲ್ಲರೆಯನ್ನೂ ಮಾರುತ್ತಿರುವಾಗ ಸಗಟು ಕೊಳ್ಳುವವನಿಗೆ ಲಾಭವೆಲ್ಲಿಂದ ಬರಬೇಕೆಂಬುದು ಅರ್ಥಶಾಸ್ತ್ರಜ್ಞರ ಪ್ರಶ್ನೆಯಾದುದರಿಂದ ಅದನ್ನು ಅವರಿಗೇ ಬಿಡಲಾಗಿದೆ.

ಹೀಗೆ ಶೆಟ್ಟಿಹಳ್ಳಿಯಲ್ಲಿ ಟವರಿಲ್ಲದ ಕಂಪನಿಯೇ ಇಲ್ಲದಿರುವಾಗ ಅದರ ಅಗ್ಗದ ಯೋಜನೆಯನ್ನು ಆಯ್ಕೆ ಮಾಡುವ ವಿಧಾನವನ್ನು ನಿರೂಪಿಸುವುದು ಹೇಗೆಂದು ಪೂರ್ವಪಕ್ಷಿಯು ಕೇಳಬಹುದು. ಉತ್ತರಕ್ಕೆ ಮುನ್ನ, ಯೋಜನೆಗಳನ್ನು ಅಳೆಯುವ ಕಾಲಮಾನವನ್ನು ತಿಳಿಯಬೇಕು. ಸೌರಮಾನ ಮತ್ತು ಚಾಂದ್ರಮಾನಗಳನ್ನು ಪಂಚಾಂಗಕರ್ತರು ಬಲ್ಲರು. ಮೂರನೆಯದಾದ ರೀಚಾರ್ಜ್‌ಮಾನವನ್ನು ಪ್ರಿಪೇಯ್ಡ್ ಗ್ರಾಹಕರು ಮಾತ್ರ ಬಲ್ಲರು. ಇದರಲ್ಲಿ ತಿಂಗಳೆಂದರೆ 28 ದಿನ, ಹದಿಮೂರು ತಿಂಗಳಿಗೆ 364 ದಿನ. ಚಾಂದ್ರಮಾನಕ್ಕೆ ಅಧಿಕಮಾಸವು ಸುಮಾರು ಮೂರು ವರ್ಷಕ್ಕೊಮ್ಮೆ ಬಂದರೆ ಇದಕ್ಕೆ ಪ್ರತಿವರ್ಷವೂ ಬರುತ್ತದೆ, ಮತ್ತು ಅದರಲ್ಲಿ ಮದುವೆ ಮುಂಜಿಗಳು ನಿಷಿದ್ಧವಾದಂತೆ ಹಣ ಪಾವತಿಯು ನಿಷಿದ್ಧವಾಗಿಲ್ಲ. 2022ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್, ಪ್ರತಿಯೊಂದು ಕಂಪನಿಯೂ 30 ದಿನದ ಯೋಜನೆಯನ್ನೂ ಪ್ರತಿ ತಿಂಗಳು ಅದೇ ತಾರೀಖಿಗೆ ನವೀಕರಿಸುವ ಯೋಜನೆಯನ್ನೂ ಇಡತಕ್ಕದ್ದೆಂದು ವಿಧಿಸಿತು. 2024ರ ಡಿಸೆಂಬರಿನಲ್ಲಿ ಡೇಟಾ ಬೇಡದವರಿಗೆ ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರವಿರುವ ವೋಚರನ್ನು ಕಡ್ಡಾಯಗೊಳಿಸಿ, ವಿಶೇಷ ವೋಚರುಗಳ ಗರಿಷ್ಠ ಅವಧಿಯನ್ನು 90ರಿಂದ 365 ದಿನಕ್ಕೇರಿಸಿತು. ಭೂಮಿಯು ಸೂರ್ಯನನ್ನು ಸುತ್ತಲು ತೆಗೆದುಕೊಳ್ಳುವ ಕಾಲವನ್ನು ದೂರಸಂಪರ್ಕ ಕ್ಷೇತ್ರವು ಹೀಗೆ ಅಂಗೀಕರಿಸಿದ್ದು ಖಗೋಳಶಾಸ್ತ್ರಕ್ಕೆ ಸಂದ ಗೌರವ. ಇಷ್ಟಾದರೂ 28 ದಿನದ ಪಂಚಾಂಗವೇ ಅಂಗಡಿಯವನ ಬಾಯಿಗೆ ಮೊದಲು ಬರುತ್ತದೆ.

ಇನ್ನು ಸಿದ್ಧಾಂತಪಕ್ಷ. ಪರರ ಜಾಲದ ಮೇಲೆ, ಸ್ವಂತ ಟವರಿಲ್ಲದೆ, ಕನಿಷ್ಠ ವೆಚ್ಚದಲ್ಲಿ ಸಂಪರ್ಕ ಒದಗಿಸುವುದೇ ವರ್ಚುವಲ್ ಆಪರೇಟರನ ಲಕ್ಷಣವಾದರೆ, ಅಂಥ ಸೇವೆಯು ಸರಕಾರದ ಪರವಾನಗಿಗೆ ಬಹಳ ಮುಂಚೆಯೇ ನಮ್ಮ ಹಳ್ಳಿಗಳಲ್ಲಿ ಮಿಸ್ಡ್ ಕಾಲ್ ಎಂಬ ಹೆಸರಿನಲ್ಲಿ ನಡೆದುಕೊಂಡು ಬಂದಿತ್ತೆಂಬುದನ್ನು ಒಪ್ಪಲೇಬೇಕಾಗುತ್ತದೆ. ಒಮ್ಮೆ ರಿಂಗಾಗಿ ನಿಂತರೆ ಬಸ್ಸು ಹತ್ತಿಯಾಯಿತೆಂದೂ, ಎರಡು ಸಲವಾದರೆ ಇಳಿದಾಯಿತೆಂದೂ, ಬಿಡದೆ ಬಂದರೆ ಬೈಕು ತೆಗೆದುಕೊಂಡು ಬಾ ಎಂದೂ ಅರ್ಥವುಳ್ಳ ಈ ಭಾಷೆಗೆ ವ್ಯಾಕರಣವಿತ್ತು, ಬಿಲ್ಲು ಇರಲಿಲ್ಲ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಕರೆಗಳು ಉಚಿತವಾದ ಮೇಲೆ ಈ ಭಾಷೆಯು ಕ್ಷೀಣಿಸಿ, ಅದರ ಸ್ಥಾನದಲ್ಲಿ ಹಾಟ್‌ಸ್ಪಾಟ್ ಎಂಬ ಎರಡನೆಯ ಪದ್ಧತಿಯು ನೆಲೆಯೂರಿತು: ಇಲ್ಲಿ ದಿನಕ್ಕೆ ಎರಡು ಜಿಬಿಯ ಯೋಜನೆಯುಳ್ಳ ಪಕ್ಕದ ಮನೆಯ ಹುಡುಗನೇ ಒಡೆಯ, ಅವನ ಪಾಸ್‌ವರ್ಡ್ ಬಲ್ಲವರೆಲ್ಲ ಗೇಣಿದಾರರು, ಗೇಣಿಯು ಚಕ್ಕುಲಿಯ ರೂಪದಲ್ಲಿ ಸಲ್ಲುತ್ತದೆ.

ವಾದಕ್ಕೆ ಅಪವಾದವೊಂದುಂಟು. ಅಮೆರಿಕದಲ್ಲಿ ನೆಲೆಸಿದ ಮಗನು, ಟಿ-ಮೊಬೈಲ್ ಜಾಲದ ಮೇಲೆ ಬದುಕುವ ಮಿಂಟ್ ಮೊಬೈಲಿನಲ್ಲಿ ಹನ್ನೆರಡು ತಿಂಗಳ ಹಣವನ್ನು ಒಮ್ಮೆಲೇ ಕಟ್ಟಿ ಅಗ್ಗದಲ್ಲಿ ಪಾರಾಗಿ, ಊರಿನ ತಾಯಿಗೂ ಅಂಥದೇ ಕಂಪನಿಯನ್ನು ಹುಡುಕಿಕೊಳ್ಳಲು ಉಪದೇಶಿಸುವುದು ಅಂಥ ಮಕ್ಕಳ ವರ್ಗದ ಲಕ್ಷಣ. (2024ರಲ್ಲಿ ಆ ಮಿಂಟನ್ನು ಟಿ-ಮೊಬೈಲೇ ಕೊಂಡಿತು, ಗೇಣಿದಾರನನ್ನೇ ಒಡೆಯನು ಕೊಳ್ಳುವ ಈ ಭೂಸುಧಾರಣೆಯು ದೇವರಾಜ ಅರಸರಿಗೆ ತೋಚಿರಲಿಲ್ಲ.) ತಾಯಿಯು ಉಪದೇಶವನ್ನು ಕೇಳಿಸಿಕೊಂಡು, ರೀಚಾರ್ಜನ್ನು ಅವನಿಂದಲೇ ಮಾಡಿಸುತ್ತಾಳೆ. ತನ್ನದೆಂಬ ಟವರಿಲ್ಲದೆ ಶೆಟ್ಟಿಹಳ್ಳಿಗೆ ಸೇವೆ ಒದಗಿಸುವ ಏಕೈಕ ಆಪರೇಟರು ಅವನೇ ಆದುದರಿಂದ, ಲಭ್ಯವಿರುವ ಯೋಜನೆಗಳಲ್ಲೆಲ್ಲ ಇದೇ ಅತ್ಯಂತ ಅಗ್ಗದ್ದೆಂದು ಸಿದ್ಧವಾಗುತ್ತದೆ. ಒಂದೇ ತೊಡಕೆಂದರೆ, ಇಪ್ಪತ್ತೆಂಟನೆಯ ದಿನ ಕಳೆದು ಸಿಮ್ಮು ಮೂಕವಾದಾಗ ಆ ಸುದ್ದಿಯನ್ನು ಆಪರೇಟರನಿಗೆ ಮುಟ್ಟಿಸಲು ಆ ಸಿಮ್ಮಿನಿಂದ ಸಾಧ್ಯವಾಗದೆ, ತಾಯಿಯು ಪಕ್ಕದ ಮನೆಗೆ ಹೋಗಿ ಹೊಸ ಪಾಸ್‌ವರ್ಡ್ ಏನೆಂದು ಕೇಳಬೇಕಾಗುತ್ತದೆ.