ಗಂಜಿನ ಗಾದಿ, ವಿಯೆನ್ನಾದ ಮಂಚ

ಸಿಗ್ಮಂಡ್ ಫ್ರಾಯ್ಡ್ ಬೀದರಿಗೆ ಬರಲಿಲ್ಲ. ಬಂದಿದ್ದರೆ ಗಾಂಧಿ ಗಂಜಿನ ಯಾವುದಾದರೂ ಅಡತಿ ಅಂಗಡಿಯಲ್ಲಿ ಲೋಡಿಗೆ ಒರಗಿ ಕೂತು, ತಾನು ಕಂಡುಹಿಡಿದದ್ದನ್ನು ಇಲ್ಲಿ ಕಮಿಷನ್ ಮೇಲೆ ನಡೆಸುತ್ತಿದ್ದಾರಲ್ಲ ಎಂದು ಪೇಚಾಡುತ್ತಿದ್ದ. ಅವನ ಮಂಚಕ್ಕೆ ಪರ್ಷಿಯಾದ ಜಮಖಾನೆ, ನಮ್ಮ ಗಾದಿಗೆ ಬಿಳಿ ಚಾದರ. ಅವನು ರೋಗಿಯ ಕಣ್ಣಿಗೆ ಬೀಳದಂತೆ ತಲೆಯ ಹಿಂದೆ ಕೂರುತ್ತಿದ್ದ, ನಮ್ಮ ಸಾಹುಕಾರರು ಮೊಬೈಲಿನ ಹಿಂದೆ ಕೂರುತ್ತಾರೆ. ಔರಾದಿನಿಂದ ತೊಗರಿ, ಭಾಲ್ಕಿಯಿಂದ ಸೋಯಾ ತಂದ ರೈತ ತೂಕ ಆಗುವತನಕ ಅಲ್ಲೇ ಕೂತು ಮಗಳ ಮದುವೆ, ತಮ್ಮನ ಪಾಲು, ಬ್ಯಾಂಕಿನ ನೋಟಿಸು, ರಾತ್ರಿ ಬಾರದ ನಿದ್ದೆ ಎಲ್ಲವನ್ನೂ ತೋಡಿಕೊಳ್ಳುತ್ತಾನೆ. ಸಾಹುಕಾರರು "ಹೂಂ, ಮುಂದ?" ಅನ್ನುತ್ತಾರೆ. ವಿಯೆನ್ನಾದ ಡಾಕ್ಟರೂ ಹೆಚ್ಚುಕಡಿಮೆ ಅಷ್ಟೇ ಅನ್ನುತ್ತಿದ್ದ. ಅಲ್ಲಿ ಗುಟ್ಟು ಕೇಳಿ ಫೀಸು, ಇಲ್ಲಿ ಗುಟ್ಟು ಕೇಳಿ ಮುಂಗಡ, ಮೇಲೆ ಬಡ್ಡಿ.

ವ್ಯಾಪಾರ ಬುದ್ಧಿಯಲ್ಲೂ ಅವನು ನಮ್ಮವನೇ. ಕನಸುಗಳ ಅರ್ಥ ಹೇಳುವ ಅವನ ಪುಸ್ತಕ ಹೊರಬಿದ್ದದ್ದು 1899ರ ನವೆಂಬರಿನಲ್ಲಿ, ಅದರ ಮೇಲೆ ಅಚ್ಚಾದ ಇಸವಿ 1900. ಗಂಜಿನಲ್ಲಿ ಇದಕ್ಕೆ ವಾಯಿದಾ ಅನ್ನುತ್ತಾರೆ.

ಕಲ್ಕತ್ತೆಯ ಡಾಕ್ಟರ್ ಗಿರೀಂದ್ರಶೇಖರ ಬೋಸ್ 1922ರಲ್ಲೇ ಫ್ರಾಯ್ಡನ ಮನೋವಿಶ್ಲೇಷಣೆಯ ಸಂಘ ಕಟ್ಟಿದರು. ಜೀವಂತ ರೋಗಿಗಳ ಮಾತು ಕೇಳಿದರು. ಅಪ್ಪನನ್ನು ಕೊಂದು ತಾಯಿಯನ್ನು ಮದುವೆಯಾದ ನಿಮ್ಮ ಈಡಿಪಸ್ ನಮ್ಮ ಜನರಲ್ಲಿ ನೀವಂದಂತೆ ನಡೆದುಕೊಳ್ಳುವುದಿಲ್ಲ ಸ್ವಾಮಿ ಎಂದು ಫ್ರಾಯ್ಡಿಗೇ ಕಾಗದ ಬರೆದರು. ಕನ್ನಡದವರು ಅಷ್ಟು ದಡ್ಡರಲ್ಲ. ಜೀವಂತ ರೋಗಿಗಳ ಉಸಾಬರಿ ಯಾರಿಗೆ ಬೇಕೆಂದು ನಾವು ಸತ್ತ ಕವಿಗಳನ್ನು, ಕಥೆಯೊಳಗಿನ ಪಾತ್ರಗಳನ್ನು ಮಂಚದ ಮೇಲೆ ಮಲಗಿಸಿದೆವು. ಸತ್ತವರು ಎದುರು ಮಾತಾಡುವುದಿಲ್ಲ, ಅಪಾಯಿಂಟ್‌ಮೆಂಟ್ ತಪ್ಪಿಸುವುದಿಲ್ಲ, ಗುಣವಾಗದಿದ್ದರೆ ಹಣ ವಾಪಸ್ ಕೇಳುವುದಿಲ್ಲ. ಮೇಲಾಗಿ ಪಿಎಚ್.ಡಿ. ಸಿಗುತ್ತದೆ. ಅಕ್ಕ ಮಲ್ಲಿಕಾರ್ಜುನನನ್ನು ಗಂಡನೆಂದಳೋ, ಅದುಮಿಟ್ಟ ಕಾಮ. ಬಸವಣ್ಣ ಬಾಗೇವಾಡಿಯ ಮನೆ ಬಿಟ್ಟನೋ, ಅಪ್ಪನ ಮೇಲಿನ ಸಿಟ್ಟು. ಇನ್ನು ಕಲ್ಯಾಣದ ಕ್ರಾಂತಿಗೆ ಬಿಜ್ಜಳನ ಬಾಲ್ಯವೊಂದು ಸಿಕ್ಕರೆ ಕೇಸು ಮುಗಿಯಿತು.

ಇಂಥ ಒಬ್ಬ ವಿದ್ವಾಂಸರನ್ನು ಬೀದರಿನ ಝರಣಿ ನರಸಿಂಹನ ಗುಡಿಗೆ ಕರೆದೊಯ್ದಿದ್ದೆ. ಎದೆಮಟ್ಟದ ನೀರು ತುಂಬಿದ ಸುರಂಗ, ತಲೆಯ ಮೇಲೆ ಬಾವಲಿ, ಕೊನೆಗೆ ದೇವರು. ನೀರಿಗಿಳಿಯುತ್ತಲೇ ಅವರು "ಗರ್ಭಕ್ಕೆ ಮರಳುವ ಹಂಬಲ" ಎಂದರು. ಹೆಗಲ ಮೇಲೆ ಕೂಸು ಕೂರಿಸಿಕೊಂಡು ಮುಂದೆ ಹೋಗುತ್ತಿದ್ದ ಹೆಂಗಸೊಬ್ಬಳು ತಿರುಗಿ, "ಅದೆಲ್ಲ ಆಮ್ಯಾಲ ಹೇಳ್ರಿ ಸರ್, ಮೊದಲ ಚಷ್ಮಾ ಹಿಡ್ಕೋರಿ, ನೀರಾಗ ಬಿದ್ದೀತು" ಅಂದಳು. ಅಷ್ಟೂರಿಗೆ ಅವರನ್ನು ಕರೆದೊಯ್ಯುವ ಧೈರ್ಯ ಮಾಡಲಿಲ್ಲ. ಅಲ್ಲಿ ಮಲಗಿರುವ ಬಹಮನಿ ಸುಲ್ತಾನ ಅಹ್ಮದ್ ಶಾ ಮುಸ್ಲಿಮರಿಗೆ ವಲಿ, ಲಿಂಗಾಯತರಿಗೆ ಅಲ್ಲಮಪ್ರಭು. ಅವನ ಉರುಸಿಗೆ ಜಂಗಮರೇ ಬರಬೇಕು. ಒಬ್ಬನೇ ಮನುಷ್ಯ, ಎರಡು ಹೆಸರು! ವಿಭಜಿತ ವ್ಯಕ್ತಿತ್ವ ಎಂದು ಅಲ್ಲೇ ಚೀಟಿ ಬರೆದುಬಿಡುತ್ತಿದ್ದರು. ಸುಲ್ತಾನ ತೀರಿಕೊಂಡದ್ದು 1436ರಲ್ಲಿ, ಚಿಕಿತ್ಸೆಗೆ ಕೊಂಚ ತಡವಾಗಿದೆ.

ಎಲ್ಲರೂ ಹೀಗೆಯೇ ಎಂದರೆ ಅನ್ಯಾಯವಾದೀತು. ಬೆಳಗಾವಿಯಲ್ಲಿ ಮೇಷ್ಟ್ರಾಗಿದ್ದ ಎ.ಕೆ. ರಾಮಾನುಜನ್ ಫ್ರಾಯ್ಡನನ್ನು ಓದಿಕೊಂಡೂ ಉತ್ತರ ಕರ್ನಾಟಕದ ಹಳ್ಳಿಯ ಮುದುಕಿಯರ ಮುಂದೆ ಬಾಯಿ ಮುಚ್ಚಿಕೊಂಡು ಕೂತರು. ಅವರಿಗೆ ಸಿಕ್ಕ ಒಂದು ಕಥೆಯಲ್ಲಿ, ಹೆತ್ತ ಮಗನನ್ನೇ ಮದುವೆಯಾಗುತ್ತಾಳೆಂಬ ಹಣೆಬರಹ ಹೊತ್ತ ಹೆಣ್ಣು ಗಂಡಸರ ಗೊಡವೆಯೇ ಬೇಡವೆಂದು ಕಾಡು ಸೇರುತ್ತಾಳೆ. ಬರಹ ಬಿಡುವುದಿಲ್ಲ. ನಿಜ ತಿಳಿದ ದಿನ ಮಗನೂ ಮೊಮ್ಮಗನೂ ಆದ ಕೂಸನ್ನು ತೊಟ್ಟಿಲಲ್ಲಿ ತೂಗಿ, ಜೋಗುಳ ಹೇಳಿ, ಪ್ರಾಣ ಬಿಡುತ್ತಾಳೆ. ಗ್ರೀಕರ ಈಡಿಪಸ್ ಕಥೆಯಲ್ಲಿ ಕಣ್ಣು ಕಿತ್ತುಕೊಂಡ ಮಗ ನಾಯಕ. ನಮ್ಮ ಮುದುಕಿಯ ಕಥೆಯಲ್ಲಿ ಮಗನಿಗೆ ದಾಳದ ಕೆಲಸ, ಸಂಕಟವೆಲ್ಲ ತಾಯಿಯದು. ರಾಮಾನುಜನ್ ಇನ್ನೊಂದು ಮಾತೂ ಹೇಳಿದರು: ನಮ್ಮ ಪುರಾಣಗಳಲ್ಲಿ ಮಗ ಅಪ್ಪನನ್ನು ಕೊಲ್ಲುವುದು ಕಮ್ಮಿ, ಅಪ್ಪಂದಿರೇ ಮಕ್ಕಳ ಯೌವನ ತಿನ್ನುತ್ತಾರೆ. ಭೀಷ್ಮನನ್ನು ನೋಡಿ, ಪೂರುವನ್ನು ನೋಡಿ. ಆ ಪೂರುವಿನ ಕಥೆ ಹಿಡಿದೇ ಗಿರೀಶ ಕಾರ್ನಾಡರು 'ಯಯಾತಿ' ಬರೆದದ್ದು, 1961ರಲ್ಲಿ ಅದು ಅಚ್ಚಾಯಿತು.

ನಂಬಿಕೆ ಬಾರದಿದ್ದರೆ ಗಂಜಿಗೆ ಬನ್ನಿ. ಎಪ್ಪತ್ತು ದಾಟಿದ ಅಪ್ಪನ ಸೊಂಟದಲ್ಲಿ ತಿಜೋರಿಯ ಕೀಲಿ. ನಲವತ್ತೈದರ ಮಗ ಚಹಾ ತರಿಸುವುದಕ್ಕೂ ಅಪ್ಪನ ಮುಖ ನೋಡುತ್ತಾನೆ. ಇಲ್ಲಿ ಈಡಿಪಸ್ ಆಗಬೇಕೆಂದರೆ ಮೊದಲು ಜಿಎಸ್‌ಟಿ ನಂಬರು ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು.

ಬದುಕಿರುವವರ ಮಾತು ಕೇಳಿಸಿಕೊಂಡ ಇಬ್ಬರನ್ನು ಹೇಳಲೇಬೇಕು. ಡಾ. ಎಂ. ಶಿವರಾಂ, ಅಂದರೆ 'ರಾಶಿ', 1942ರಲ್ಲಿ 'ಕೊರವಂಜಿ' ಎಂಬ ನಗೆಪತ್ರಿಕೆ ತೆಗೆದರು. ಅದೇ ಡಾಕ್ಟರು ಮನೋರೋಗಗಳ ಬಗ್ಗೆ ಬರೆದ 'ಮನ ಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಮಗೆ ಅವರ ನಗೆ ನೆನಪಿದೆ, ಮಂಥನ ಕಪಾಟಿನಲ್ಲಿದೆ. ಇನ್ನೊಬ್ಬರು ಮನಶ್ಶಾಸ್ತ್ರ ಓದಿದ್ದ ತ್ರಿವೇಣಿ. ಅವರ 'ಶರಪಂಜರ'ದ ಕಾವೇರಿ ಬಾಣಂತನದ ಬುದ್ಧಿಭ್ರಮಣೆಯಿಂದ ಗುಣವಾಗಿಯೇ ಮನೆಗೆ ಬರುತ್ತಾಳೆ, ಆದರೆ ಗಂಡನೂ ನೆರೆಯವರೂ ಅವಳು ಗುಣವಾಗಲು ಬಿಡುವುದಿಲ್ಲ. 1971ರಲ್ಲಿ ಪುಟ್ಟಣ್ಣ ಅದನ್ನು ಸಿನಿಮಾ ಮಾಡಿದರು. ಇಡೀ ಕರ್ನಾಟಕ ಕಲ್ಪನಾಳನ್ನು ನೋಡಿ ಸೆರಗು ಒದ್ದೆಯಾಗುವಷ್ಟು ಅತ್ತಿತು. ಅತ್ತು ಮನೆಗೆ ಬಂದು, ಅತ್ತಿಗೆಯೊಬ್ಬಳು ಒಬ್ಬಳೇ ನಕ್ಕಳೆಂದು ಅವಳ ತವರಿಗೆ ಹೇಳಿಕಳಿಸಿತು.

ಆಮೇಲೆ 2004ರಲ್ಲಿ 'ಆಪ್ತಮಿತ್ರ' ಬಂದು ಎಲ್ಲ ಸುಲಭವಾಯಿತು. ಮನೋವೈದ್ಯ ವಿಷ್ಣುವರ್ಧನ್, ಜೊತೆಗೆ ಮಂತ್ರವಾದಿ ಆಚಾರ್ಯರು. ವಿಯೆನ್ನಾಕ್ಕೂ ಅಂತ್ರಕ್ಕೂ ರಾಜಿಯಾಗಿ, ನಾಯಕಿಯ ಮೈಮೇಲೆ ಬಂದಿದ್ದ ನಾಗವಲ್ಲಿ ಒಂದು ಕುಣಿತದಲ್ಲಿ ಹೊರಟುಹೋದಳು. ಅಂದಿನಿಂದ ನಮ್ಮ ಕಡೆ ಮನೆಯಲ್ಲಿ ಯಾವ ಹುಡುಗಿ ದನಿ ಏರಿಸಿದರೂ ನಾಗವಲ್ಲಿ. ಅವಳು ಯಾಕೆ ದನಿ ಏರಿಸಿದಳೆಂದು ಕೇಳುವ ಕೆಲಸ ಉಳಿಯಿತು.

ಹೀಗೆ ಸೆಮಿನಾರಿನಲ್ಲಿ ಫ್ರಾಯ್ಡ್, ಥಿಯೇಟರಿನಲ್ಲಿ ನಾಗವಲ್ಲಿ. ಔರಾದಿನ ಆ ರೈತನಿಗೆ ಏನು? "ಗಾಳಿ ಬಡದದ, ಗಾಣಗಾಪುರಕ್ಕ ಕರ್ಕೊಂಡು ಹೋಗ್ರಿ." ಅಲ್ಲಿ ಮಧ್ಯಾಹ್ನದ ಮಹಾಮಂಗಳಾರತಿಗೆ ಮೈಮೇಲೆ ಬಂದವರು ಕಂಬ ಹತ್ತಿ ಕೂಗುತ್ತಾರೆ. ಪಟ್ಟಣದ ಓದಿದವರು ಇದನ್ನು ಮೌಢ್ಯ ಅನ್ನುತ್ತಾರೆ, ಇರಬಹುದು. ಆದರೆ ನಮ್ಮ ಎಷ್ಟೋ ಹೆಣ್ಣುಮಕ್ಕಳಿಗೆ ಅತ್ತೆಯ ಹೆಸರು ಹಿಡಿದು ಬೈಯಲು ಸಿಗುವ ಜಾಗ ಅದೊಂದೇ. ವಿಚಾರಸಂಕಿರಣದಲ್ಲಂತೂ ಅವರಿಗೆ ಮೈಕು ಕೊಟ್ಟವರಿಲ್ಲ.

ಇದೇ ಕಲ್ಯಾಣ ಕರ್ನಾಟಕದ ಬಳ್ಳಾರಿಯಲ್ಲಿ, 1980ರ ದಶಕದಲ್ಲಿ, ನಿಮ್ಹಾನ್ಸ್ ಒಂದು ಪ್ರಯೋಗ ಮಾಡಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೇ ಮನಸ್ಸಿನ ಕಾಯಿಲೆ ನೋಡಲು ತರಬೇತಿ. ಅದೇ ಮಾದರಿ ಹಿಡಿದು 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಸಾಹಿತ್ಯಗೋಷ್ಠಿಯಲ್ಲಿ ಈ ಬಳ್ಳಾರಿಯ ಹೆಸರು ಕೇಳಿದ ನೆನಪು ನನಗಿಲ್ಲ, ವಿಯೆನ್ನಾದ ಬೀದಿಗಳ ಹೆಸರು ಮಾತ್ರ ಬಾಯಿಪಾಠವಾಗಿದೆ.

ವಿದ್ವಾಂಸರು ಪಾತ್ರಗಳನ್ನು ಮಲಗಿಸಿಕೊಂಡಿರಲಿ, ಅದು ಅವರ ಹೊಟ್ಟೆಪಾಡು. ಗಂಜಿನ ಸಾಹುಕಾರರಲ್ಲಿ ನನ್ನದೊಂದು ವಿನಂತಿ: ಗೋಡೆಯ ಮೇಲೆ ಧಾರಣೆ ಬರೆಯುವ ಹಲಗೆಯಲ್ಲಿ ತೊಗರಿ, ಸೋಯಾ, ಉದ್ದಿನ ಕೆಳಗೆ ಒಂದು ಸಾಲು ಜಾಗ ಬಿಟ್ಟು 14416 ಎಂದು ಬರೆಸಿ. ಅದು ಟೆಲಿ ಮಾನಸ್ ಸಹಾಯವಾಣಿ. ಹಗಲೂ ರಾತ್ರಿ ಕನ್ನಡದಲ್ಲಿ ಮಾತಾಡಬಹುದು, ಕರೆಗೆ ದುಡ್ಡಿಲ್ಲ.